ಇಳಿಯುವ ಮುಂಚಿನ ಲೋಟ

ಗಂಡನಿಗೆ ಬೆಳಿಗ್ಗೆ ಸಾರಾಯಿ ಕುಡಿಸಿ ಕೆಲಸಕ್ಕೆ ಕಳಿಸುವುದು ಆ ಸಾಲುಮನೆಗಳ ಹೆಂಗಸರ ಕೆಲಸ. ಬೇರೆ ಕಡೆ ಹೆಂಗಸರು ಬಾಟಲಿ ಬಚ್ಚಿಡುತ್ತಾರೆ, ಒಡೆಯುತ್ತಾರೆ, ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. ಇಲ್ಲಿಯವರು ತಾವೇ ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದರು. ಗಂಡ ಮುಖ ಕಿವುಚಿದರೆ ಗದ್ದ ಹಿಡಿದು, ಮಗುವಿಗೆ ಔಷಧಿ ಹಾಕಿದ ಹಾಗೆ ಬಾಯಿಗೆ ಸುರಿಯುತ್ತಿದ್ದರು.

ಗಂಡಸರು ಗುಂಡಿಗೆ ಇಳಿಯುವವರು. ಊರಿನ ಕಕ್ಕಸೆಲ್ಲ ಬಂದು ಸೇರುವ ಒಳಚರಂಡಿಯ ಗುಂಡಿ. ಅದು ಕಟ್ಟಿಕೊಂಡಾಗ ಕಬ್ಬಿಣದ ಮುಚ್ಚಳ ಸರಿಸಬೇಕು, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು, ಬರೀ ಚಡ್ಡಿಯಲ್ಲಿ ಇಳಿಯಬೇಕು. ಕೈಯಿಂದ ಬಾಚಿ ಬಕೆಟ್ಟಿಗೆ ತುಂಬಬೇಕು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವರಿಗೆ ಕತ್ತಿನವರೆಗೂ ಕೆಸರು. ಮೊಸರು ಯಾರ ಬಾಯಿಗೆ ಹೋಯಿತೋ ಗೊತ್ತಿಲ್ಲ.

ಬಕೆಟ್ಟು, ಹಗ್ಗ, ಬಾಟಲಿ, ಮೂರೂ ಮೇಸ್ತ್ರಿಯ ಗಾಡಿಯಲ್ಲೇ ಬರುತ್ತಿದ್ದವು. ಕೈಗವಸು ಬರುತ್ತಿರಲಿಲ್ಲ. ಮೂಗಿಗೆ ಹಾಕುವ ಮುಖವಾಡ ಬರುತ್ತಿರಲಿಲ್ಲ. ಬಾಟಲಿ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಕುಡಿದು ಇಳಿದವನು ಮೇಲೆ ಬರುತ್ತಾನೆ. ಸಾಲುಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಕುಡಿಯದೆ ಇಳಿದವನು ಹೆದರುತ್ತಾನೆ, ಏದುಸಿರು ಬಿಡುತ್ತಾನೆ, ಒಳಗಿನ ಗಾಳಿ ಎದೆಗೆ ಹೊಕ್ಕು ಅಲ್ಲೇ ಒರಗುತ್ತಾನೆ. ಅದಕ್ಕೆ ಸಾಕ್ಷಿ, ಅಲ್ಲಿ ಎಲ್ಲರೂ ಪಾತ್ರೆಯವಳು ಅಂತ ಕರೆಯುವವಳ ಮಾವ, ಗಂಡನ ಅಪ್ಪ. ಅವನು ಒಂದೇ ಒಂದು ದಿನ ಕುಡಿಯದೆ ಇಳಿದನಂತೆ. ಹೆಣವನ್ನು ಹಗ್ಗದಲ್ಲಿ ಮೇಲಕ್ಕೆ ಎಳೆದು ಹಾಕಿದರಂತೆ. ಆ ಕಥೆ ಕೇಳಿಯೇ ಅಲ್ಲಿಯ ಹೆಂಗಸರು ಗಂಡಂದಿರ ಗದ್ದ ಹಿಡಿಯುವುದು ಕಲಿತದ್ದು. ಪಾತ್ರೆಯವಳು ಸೊಸೆಯಾಗಿ ಬಂದ ಮಾರನೆಯ ಬೆಳಿಗ್ಗೆಯೇ ಅತ್ತೆ ತಗ್ಗು ಬಿದ್ದ ಸ್ಟೀಲ್ ಲೋಟವೊಂದನ್ನು ಅವಳ ಕೈಗಿಟ್ಟು, ಇದು ನಿನ್ನ ಕೆಲಸ, ಮರೆತರೆ ಗಂಡ ಇರಲ್ಲ ಅಂದಿದ್ದಳು. ಅವಳು ಮರೆಯಲಿಲ್ಲ. ಜ್ವರ ಬಂದಾಗಲೂ ಎದ್ದು ಬಗ್ಗಿಸಿದಳು.

ಪಾತ್ರೆಯವಳು ಅಂತ ಹೆಸರು ಬಂದದ್ದು ಅವಳು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೊಪ್ಪರಿಗೆ ತೊಳೆಯುತ್ತಿದ್ದುದರಿಂದ. ಅವು ಎಷ್ಟು ದೊಡ್ಡವೆಂದರೆ, ಮಲಗಿಸಿಟ್ಟು, ಒಳಗೆ ಸೊಂಟದವರೆಗೂ ತೂರಿಕೊಂಡು ತಳ ಕೆರೆಯಬೇಕು. ಒಳಗೆ ಕತ್ತಲು. ಹಳಸಿದ ಅನ್ನ, ಸುಟ್ಟ ಎಣ್ಣೆ, ಸೋಪಿನ ಪುಡಿ. ಅವಳ ಮೂಗು ಎಂದೋ ಕೈಕೊಟ್ಟಿತ್ತು. ಗಂಡನ ಬಟ್ಟೆ ಒಗೆಯುವಾಗಲೂ ಅವಳಿಗೆ ಏನೂ ವಾಸನೆ ಬರುತ್ತಿರಲಿಲ್ಲ. ಮೂಗಿನ ಜೊತೆ ಇನ್ನೂ ಏನೇನೋ ಹೋಗಿತ್ತು. ಯಾರಾದರೂ ಸತ್ತರೆ ಅಳು ಬರುತ್ತಿರಲಿಲ್ಲ. ಜೋಕು ಕೇಳಿದರೆ ನಗಬೇಕಾದ ಜಾಗ ತಿಳಿಯುತ್ತಿತ್ತು, ನಗು ಬರುತ್ತಿರಲಿಲ್ಲ.

ಗಂಡನನ್ನು ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಸಣಕಲು ಆಳು. ಎಂಥ ಕಿರಿದಾದ ಗುಂಡಿಯಲ್ಲೂ ಹಿಡಿಸುತ್ತಾನೆ ಅಂತ ಮೇಸ್ತ್ರಿಗೆ ಅವನ ಮೇಲೆ ಪ್ರೀತಿ. ಬೆಳಗಿನ ಲೋಟ ಮಧ್ಯಾಹ್ನಕ್ಕೂ ಬಂತು, ಸಂಜೆಗೂ ಬಂತು, ಕೆಲಸವಿಲ್ಲದ ದಿನಕ್ಕೂ ಬಂತು. ಕೊನೆಗೆ ಒಂದು ದಿನ ಕಡ್ಡಿ ರಕ್ತ ವಾಂತಿ ಮಾಡಿಕೊಂಡ.

ಸುದ್ದಿ ಬಂದಾಗ ಪಾತ್ರೆಯವಳು ಕೊಪ್ಪರಿಗೆಯೊಳಗಿದ್ದಳು. ಯಾರೋ ಹೊರಗಿನಿಂದ ಬಡಿದರು. ಅವಳು ತಳ ಕೆರೆದು ಮುಗಿಸಿಯೇ ಹೊರಗೆ ಬಂದಳು.

ಡಾಕ್ಟರು ಮಾತು ಸುತ್ತಿ ಬಳಸಲಿಲ್ಲ. ಇನ್ನು ಒಂದು ಗುಟುಕು ಕುಡಿದರೂ ಇವನು ಉಳಿಯುವುದಿಲ್ಲ ಅಂದರು. ಅಲ್ಲಿನ ನರ್ಸು, ಕುಡಿತ ಬಿಡಿಸುವ ಕೇಂದ್ರವೊಂದಿದೆ, ಬಡವರಿಗೆ ಅಂತ ಉಚಿತ ಹಾಸಿಗೆಯೂ ಇದೆ ಅಂತ ದಾರಿ ಹೇಳಿದಳು. ಕೇಂದ್ರದವರು ಕಡ್ಡಿಯನ್ನು ಸೇರಿಸಿಕೊಂಡರು. ಒಂದೇ ಕರಾರು. ಮನೆಯವರು ವಾರಕ್ಕೊಮ್ಮೆ ಕುಟುಂಬದ ಸಭೆಗೆ ಬರಬೇಕು. ಬರದಿದ್ದರೆ ರೋಗಿಯನ್ನು ಕಳಿಸಿಬಿಡುತ್ತಾರೆ.

ಅತ್ತೆ ಬರಲ್ಲ ಅಂದಳು. ಹಾಳಾಗಿರುವುದು ಮಗನ ಹೊಟ್ಟೆ, ನಾನು ಹೋಗಿ ಬಾಯಿ ಬಿಟ್ಟರೆ ಅವನ ಹೊಟ್ಟೆ ಸರಿ ಹೋಗುತ್ತಾ ಅಂತ ಗೋಡೆ ಕಡೆ ತಿರುಗಿ ಮಲಗಿದಳು. ಪಾತ್ರೆಯವಳು ಒಬ್ಬಳೇ ಹೋದಳು.

ಮಹಡಿಯ ಮೇಲೊಂದು ದೊಡ್ಡ ಕೋಣೆ. ಕುರ್ಚಿಗಳನ್ನು ದುಂಡಗೆ ಜೋಡಿಸಿದ್ದರು. ಎಲ್ಲರೂ ಸಮಾನರು, ಅದಕ್ಕೇ ಮುಂದಿನ ಸಾಲು ಹಿಂದಿನ ಸಾಲು ಅಂತಿಲ್ಲ ಅಂತ ಸಭೆ ನಡೆಸುವ ಮೇಡಂ ಹೇಳಿದರು. ಒಳ್ಳೆಯ ಹೆಂಗಸು. ಎತ್ತರದ ದನಿಯಲ್ಲಿ ಮಾತೇ ಇಲ್ಲ. ಪಾತ್ರೆಯವಳು ಮಸಿ ಹಿಡಿದ ಕೈ ಸೆರಗಿನೊಳಗೆ ಇಟ್ಟುಕೊಂಡು ಕೂತಳು. ಅಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಕಷ್ಟ ಹೇಳಿಕೊಂಡರು. ಅಂಗಡಿ ಸಾಹುಕಾರರ ಹೆಂಡತಿಯ ಮಗ ಕುಡಿಯುತ್ತಿದ್ದನಂತೆ, ಮೊದಲು ಇಲ್ಲೇ ಸೇರಿದ್ದನಂತೆ. ಅವನ ಕೆಲಸ ಬಿಡಿಸಿ, ಗೆಳೆಯರನ್ನು ಬಿಡಿಸಿ, ಬೇರೆ ಊರಿನ ಅಂಗಡಿಯಲ್ಲಿ ಕೂರಿಸಿದ್ದಾರಂತೆ. ಈಗ ಅಡ್ಡಿಯಿಲ್ಲವಂತೆ. ಎಲ್ಲರೂ ತಲೆದೂಗಿದರು.

ಮೇಡಂ ಅದನ್ನೇ ಹಿಡಿದುಕೊಂಡರು. ಕುಡಿಯುವವರನ್ನು ಬೈದು ಪ್ರಯೋಜನವಿಲ್ಲ, ಅವರ ಸುತ್ತಮುತ್ತಲಿನದನ್ನು ಬದಲಾಯಿಸಬೇಕು ಅಂದರು. "ಮೊದಲು ಅವರ ಕೈಗೆ ಕುಡಿತ ತಂದುಕೊಡೋರು ಯಾರು ಅಂತ ಕಂಡುಹಿಡೀರಿ. ಅವರನ್ನ ದೂರ ಇಡಿ. ನಿಮ್ಮ ಮನೇಲಿ ಅದು ಯಾರಮ್ಮ?"

"ನಾನೇ" ಅಂದಳು ಪಾತ್ರೆಯವಳು.

ಯಾರೋ ಕಿಸಕ್ಕೆಂದರು. ಸಾಹುಕಾರರ ಹೆಂಡತಿ, ಇಂಥವರಿಂದಲೇ ಗಂಡಸರು ಹಾಳಾಗುವುದು ಅಂತ ಪಕ್ಕದವರಿಗೆ ಹೇಳಿದಳು. ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಪಾತ್ರೆಯವಳಿಗೆ ಅವಮಾನ ಅನ್ನಿಸಲಿಲ್ಲ. ಇದು ಅವಮಾನ ಆಗಬೇಕಾದ ಜಾಗ ಅಂತ ಮಾತ್ರ ತಿಳಿಯಿತು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗುಂಡಿ, ಹಗ್ಗ, ಮೇಸ್ತ್ರಿಯ ಬಾಟಲಿ, ಮಾವನ ಸಾವು. ಕೊನೆಗೆ, ತಾನು ಬಂದದ್ದೇ ಅದಕ್ಕೆ ಅನ್ನುವ ಹಾಗೆ ಕೇಳಿದಳು.

"ಕುಡೀದೆ ಗುಂಡಿಗೆ ಇಳಿಯೋದು ಹೇಗೆ ಅಂತ ಇಲ್ಲಿ ಯಾರಿಗಾದ್ರೂ ಗೊತ್ತಾ ಮೇಡಂ?"

ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನೋಡಮ್ಮ, ಅದು ಈ ಸಭೆಯ ವಿಷಯ ಅಲ್ಲ. ಇಲ್ಲಿ ನಾವು ಮನಸ್ಸಿನ ಬಗ್ಗೆ ಮಾತಾಡ್ತೀವಿ. ನೀವು ಮನಸ್ಸು ಗಟ್ಟಿ ಮಾಡ್ಕೋಬೇಕು."

ಗುಂಡಿ ಅನ್ನುವ ಮಾತು ಬಂದ ಮೇಲೆ ಅವಳ ಎಡಕ್ಕಿದ್ದ ಕುರ್ಚಿ ಒಂದಿಷ್ಟು ಸರಿಯಿತು. ಬಲಕ್ಕಿದ್ದದ್ದೂ ಸರಿಯಿತು. ಮುಂದಿನ ವಾರ ಅವಳಿಗೆ ಬಾಗಿಲ ಬಳಿ ಕುರ್ಚಿ ಹಾಕಿದ್ದರು. ಗಾಳಿ ಚೆನ್ನಾಗಿ ಬರುತ್ತೆ ಅಂತ ಒಬ್ಬರು ಹೇಳಿದರು. ಗಾಳಿ ಬರುತ್ತಿದ್ದದ್ದು ನಿಜ.

ಪಕ್ಕದ ಮನೆಯ ಗಿಣಿಯನ್ನೂ ಕರೆದುಕೊಂಡು ಬರಲೇ ಅಂತ ಅವಳು ಒಮ್ಮೆ ಕೇಳಿದಳು. ಗಿಣಿ ಅಂದರೆ ಬಾಯಿಗೆ ಬಿಡುವಿಲ್ಲದವಳು. ಅವಳು ಮಾತಾಡುವ ರಭಸಕ್ಕೆ ಅವಳ ಗಂಡ ಮದುವೆಯಾದಾಗಿನಿಂದ ಬಾಯಿ ತೆರೆದಿಲ್ಲ, ತೆರೆದರೆ ಅದು ಲೋಟಕ್ಕೆ ಮಾತ್ರ ಅಂತ ಸಾಲುಮನೆಗಳಲ್ಲಿ ತಮಾಷೆ. ಅವನೂ ಗುಂಡಿಗೆ ಇಳಿಯುವವನೇ. ಅವಳ ಗಂಡ ಇಲ್ಲಿ ಸೇರಿದ್ದಾನಾ ಅಂತ ಮೇಡಂ ಕೇಳಿದರು. ಇಲ್ಲ, ಕೆಲಸಕ್ಕೆ ಹೋಗ್ತಿದ್ದಾನೆ ಅಂದಳು. ಹಾಗಾದರೆ ಆಗುವುದಿಲ್ಲ ಅಂದರು. ರಕ್ತ ಕಾರಿದ ಮೇಲೆ ಕರೆದುಕೊಂಡು ಬಾ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಪಾತ್ರೆಯವಳು ತಲೆಯಾಡಿಸಿ ಬಾಗಿಲ ಬಳಿಯ ಕುರ್ಚಿಗೆ ಹೋಗಿ ಕೂತಳು.

ಕಡ್ಡಿ ವಾಸಿಯಾಗಿ ಮನೆಗೆ ಬಂದ. ಕೈ ನಡುಕ ನಿಂತಿತ್ತು. ಕಣ್ಣಿನ ಹಳದಿ ಇಳಿದಿತ್ತು. ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡ.

"ಇದು ಯಾವಾಗಿನಿಂದ ಹೀಗೆ ನಾರ್ತಿದೆ?"

"ಯಾವಾಗ್ಲೂ" ಅಂದಳು ಅವಳು.

ಅವನು ನಂಬಲಿಲ್ಲ. ಗೋಡೆ ಮೂಸಿದ. ಮೊಳೆಗೆ ನೇತುಹಾಕಿದ್ದ ಕೆಲಸದ ಚಡ್ಡಿ ಮೂಸಿ ಹೊರಗೆ ಎಸೆದ. ತನ್ನ ತೋಳನ್ನೇ ಮೂಸಿಕೊಂಡ. ಆಮೇಲೆ ಸೋಪು ತೆಗೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೂತವನು ಕತ್ತಲಾದರೂ ಎದ್ದು ಬರಲಿಲ್ಲ. ಅವಳು ಹೋಗಿ ಬೆನ್ನು ತಿಕ್ಕಿದಳು. ಅವನು ಅಳುತ್ತಿದ್ದ. ಅವಳು ಬೆನ್ನನ್ನು ತಿಕ್ಕುತ್ತಲೇ ಇದ್ದಳು. ಕೊಪ್ಪರಿಗೆಯ ತಳದಂತೆ ಅಲ್ಲೂ ಏನೂ ಬಿಡುತ್ತಿರಲಿಲ್ಲ.

ಕೆಲವು ದಿನ ಅವನು ತರಕಾರಿ ಮಂಡಿಯಲ್ಲಿ ಮೂಟೆ ಹೊರಲು ಹೋದ. ಮೈಯಲ್ಲಿ ಕಸುವಿರಲಿಲ್ಲ, ಎರಡನೇ ಮೂಟೆಗೇ ಕುಸಿದ. ಅವರಿದ್ದ ರೂಮು ಗುಂಡಿ ಕೆಲಸದ ಕಂಟ್ರಾಕ್ಟರನದು. ಗುಂಡಿಗೆ ಇಳಿಯುವವರಿಗೆ ಮಾತ್ರ ರೂಮು. ಮೇಸ್ತ್ರಿ ಇಷ್ಟು ದಿನ ಕಾದದ್ದೇ ಹೆಚ್ಚು.

ಒಂದು ಬೆಳಿಗ್ಗೆ ಅವನ ಗಾಡಿ ಬಂತು. ಕೆಳಗಿಳಿಯಲೂ ಇಲ್ಲ. ಕೂತಲ್ಲಿಂದಲೇ ಕೂಗಿದ.

"ಲೋ ಕಡ್ಡಿ, ಇವತ್ತು ಇಳೀತೀಯೋ, ರೂಮು ಖಾಲಿ ಮಾಡ್ತೀಯೋ? ಒಂದು ಮಾತು ಹೇಳು."

ಯಾವ ಗುಂಡಿ ಅಂತ ಕಡ್ಡಿ ಕೇಳಿದ. ಕುಡಿತ ಬಿಡಿಸುವ ಕೇಂದ್ರದ ಮುಂದಿನದು ಅಂದ ಮೇಸ್ತ್ರಿ. ಅವರ ಕಕ್ಕಸೆಲ್ಲ ಕಟ್ಟಿಕೊಂಡು ನೀರು ಮೆಟ್ಟಿಲಿಗೆ ಬಂದಿದೆಯಂತೆ. ಗಲ್ಲಿ ಇಕ್ಕಟ್ಟು, ಕೊಳಕು ಹೀರುವ ಯಂತ್ರದ ಲಾರಿ ಹಿಡಿಸುವುದಿಲ್ಲವಂತೆ. ಗುಂಡಿಯ ಬಾಯಿಯೂ ಇಕ್ಕಟ್ಟು. ಹೇಳಿಕೇಳಿ ಕಡ್ಡಿಯ ಅಳತೆಯದು. ಹೇಳುತ್ತಾ ಬಾಟಲಿಯನ್ನು ಕಿಟಕಿಯಿಂದ ಪಾತ್ರೆಯವಳ ಕೈಗೆ ಚಾಚಿದ. ಅವಳು ಕೈ ನೀಡಲಿಲ್ಲ.

ಅತ್ತೆ ಒಳಗಿನಿಂದ ಬಂದು ಅದನ್ನು ತೆಗೆದುಕೊಂಡಳು. ತಗ್ಗು ಬಿದ್ದ ಲೋಟವನ್ನು ಸೊಸೆಯ ಕೈಗೆ ತುರುಕಿದಳು. ಮಗ ಕುಡಿಯದೆ ಇಳಿದರೆ ಸಾಯುತ್ತಾನೆ, ಒಂದೇ ಗುಟುಕು ಹಾಕು ಅಂದಳು. ಒಂದು ಗುಟುಕು ಹಾಕಿದರೆ ಸಾಯುತ್ತಾನೆ ಅಂತ ಡಾಕ್ಟರು ಹೇಳಿದ್ದರು. ಅತ್ತ ದರಿ, ಇತ್ತ ಪುಲಿ. ಪಾತ್ರೆಯವಳು ಲೋಟ ಹಿಡಿದುಕೊಂಡು ನಿಂತಳು. ಕಡ್ಡಿ ಅವಳನ್ನೇ ನೋಡುತ್ತಿದ್ದ. ಅವನಿಗೆ ಲೋಟ ಬೇಕಿತ್ತು. ಅದು ಅವನ ಗಂಟಲಲ್ಲಿ ಕಾಣುತ್ತಿತ್ತು.

ಅವಳು ಲೋಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನೂ ಬರ್ತೀನಿ, ನಡಿ" ಅಂದಳು.

ಗಾಡಿಯ ಹಿಂದೆ ಬಕೆಟ್ಟು ಹಗ್ಗಗಳ ನಡುವೆ ಎಲ್ಲರೂ ಕೂತರು. ಕಡ್ಡಿ, ಅವಳು, ಬಾಟಲಿ ತಬ್ಬಿಕೊಂಡ ಅತ್ತೆ. ಹಗ್ಗ ಹಿಡಿಯಲು ಗಿಣಿಯ ಗಂಡ. ಅವನ ಜೊತೆ ಗಿಣಿ. ಕಷ್ಟದ ಗುಂಡಿಗೆ ಹೋಗುವಾಗ ಹೆಂಗಸರೂ ಹೋಗುವುದು ಅಲ್ಲಿಯ ವಾಡಿಕೆ. ಲೋಟ ಹಿಡಿಯಲು ಒಬ್ಬರು ಬೇಕಲ್ಲ. ದಾರಿಯುದ್ದಕ್ಕೂ ಗಿಣಿ ಮಾತಾಡಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಕೇಂದ್ರದ ಗಲ್ಲಿಯಲ್ಲಿ ಕಪ್ಪು ನೀರು ಹರಡಿತ್ತು. ಅವತ್ತು ಕುಟುಂಬದ ಸಭೆಯ ದಿನ. ಕಾರುಗಳು ಗಲ್ಲಿಯ ತುದಿಯಲ್ಲೇ ನಿಂತಿದ್ದವು. ಸಾಹುಕಾರರ ಹೆಂಡತಿ ಮೂಗಿಗೆ ಬಟ್ಟೆ ಒತ್ತಿಕೊಂಡು, ಸೀರೆ ಎತ್ತಿ ಹಿಡಿದು, ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲಿಡುತ್ತಾ ಒಳಗೆ ಹೋದಳು. ಕಡ್ಡಿ, ಗಿಣಿಯ ಗಂಡ ಇಬ್ಬರೂ ಸೇರಿ ಮುಚ್ಚಳ ಸರಿಸಿದರು. ಒಳಗಿನ ಗಾಳಿ ಮೇಲೆ ಬಂತು. ಮೇಸ್ತ್ರಿಯೇ ಮುಖ ತಿರುಗಿಸಿದ.

ಕಡ್ಡಿ ಅಂಗಿ ಬಿಚ್ಚಿದ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡ. ಗುಂಡಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ. ಒಳಗೆ ನೋಡಿದ. ಇಷ್ಟು ವರ್ಷ ಅವನು ಇಳಿದದ್ದು ಇಂಥದ್ದರೊಳಗೆ ಅಂತ ಅವನಿಗೆ ಆಗ ಗೊತ್ತಾದ ಹಾಗಿತ್ತು. ಪಕ್ಕಕ್ಕೆ ವಾಲಿ ವಾಂತಿ ಮಾಡಿದ. ಕಾಲು ಮೇಲೆಳೆದುಕೊಂಡ.

"ಆಗಲ್ಲ" ಅಂದ.

"ಕುಡಿಸೇ ಅವನಿಗೆ" ಅಂದ ಮೇಸ್ತ್ರಿ. ಅತ್ತೆ ಬಾಟಲಿಯ ಬಿರಡೆ ತಿರುಗಿಸಿದಳು. ಪಾತ್ರೆಯವಳು ಲೋಟ ತೆಗೆಯಲಿಲ್ಲ. ಮೇಸ್ತ್ರಿ ಬಾಟಲಿ ಕಿತ್ತುಕೊಂಡು ತಾನೇ ಕಡ್ಡಿಯ ಬಾಯಿಗೆ ಹಿಡಿಯಲು ಹೋದ. ಅಷ್ಟರಲ್ಲಿ ಗೇಟಿನಿಂದ ಮೇಡಂ ಕೂಗಿದರು.

"ಅವರಿಗೆ ಕೊಡಬೇಡಿ. ಅವರು ನಮ್ಮ ಪೇಷಂಟು. ಕುಡಿದರೆ ಸತ್ತು ಹೋಗ್ತಾರೆ."

"ಹಾಗಾದ್ರೆ ನಿಮ್ಮ ಕಕ್ಕಸಿಗೆ ಯಾರು ಇಳೀಬೇಕು ಮೇಡಂ?" ಅಂದ ಮೇಸ್ತ್ರಿ.

ಮೇಡಂ ಗುಂಡಿಯನ್ನು ನೋಡಿದರು. ಕಡ್ಡಿಯನ್ನು ನೋಡಿದರು. "ಬೇರೆ ಯಾರನ್ನಾದರೂ ಇಳಿಸಿ" ಅಂದರು.

ಅಷ್ಟು ಸುಲಭ. ಮೇಸ್ತ್ರಿ ಕಡ್ಡಿಯ ಸೊಂಟದ ಹಗ್ಗ ಬಿಚ್ಚಿದ. ಗಂಡ ಉಳಿದ ಅಂತ ಪಾತ್ರೆಯವಳಿಗೆ ನಿಜವಾಗಿಯೂ ಸಮಾಧಾನವಾಯಿತು. ಅಂಗಿ ಕೊಟ್ಟು ಕರೆದುಕೊಂಡು ಹೋಗಿಬಿಡಬಹುದಿತ್ತು. ಅವಳು ಅಂಗಿ ಎತ್ತಿಕೊಂಡೂ ಆಗಿತ್ತು.

ಮೇಸ್ತ್ರಿ ಹಗ್ಗವನ್ನು ಗಿಣಿಯ ಗಂಡನ ಸೊಂಟಕ್ಕೆ ಕಟ್ಟಿದ. ಅವನು ಕಡ್ಡಿಗಿಂತ ದಪ್ಪ. ಹಿಡಿಸಲ್ಲ ಅಂತ ಗಿಣಿ ಅಂದಳು. ಹಿಡಿಸ್ತಾನೆ, ಎರಡು ಲೋಟ ಹಾಕು ಅಂದ ಮೇಸ್ತ್ರಿ. ಗಿಣಿ ತನ್ನ ಲೋಟ ತೆಗೆದಳು. ತುಂಬ ಬಗ್ಗಿಸಿಕೊಂಡಳು. ಇನ್ನೊಂದು ಕೈಯಲ್ಲಿ ಗಂಡನ ಗದ್ದ ಹಿಡಿದಳು.

ಪಾತ್ರೆಯವಳು ಅಂಗಿಯನ್ನು ಕೆಳಗೆ ಹಾಕಿದಳು. ಮುಚ್ಚಳದ ಬಳಿ ಹೋಗಿ ಬಗ್ಗಿದಳು. ಇಬ್ಬರು ಗಂಡಸರು ಸರಿಸಿದ ಮುಚ್ಚಳ. ಅವಳ ತೋಳು ಕೊಪ್ಪರಿಗೆ ಎತ್ತಿ ಎತ್ತಿ ಆದ ತೋಳು. ಕಬ್ಬಿಣ ರಸ್ತೆಗೆ ಉಜ್ಜಿ ಕರಕರ ಅಂದಿತು. ಉಗುರು ಕಿತ್ತು ರಕ್ತ ಬಂತು. ಮುಚ್ಚಳ ಗುಂಡಿಯ ಬಾಯಿಗೆ ದಡ್ ಅಂತ ಕೂತಿತು. ಅವಳು ಅದರ ಮೇಲೆ ಕೂತಳು.

"ಏಳೇ" ಅಂದ ಮೇಸ್ತ್ರಿ.

"ಏಳಲ್ಲ."

"ನಿನ್ನ ಗಂಡನ್ನ ಬಿಟ್ಟಾಯ್ತಲ್ಲ. ಇನ್ನೇನು ನಿಂದು?"

"ಬೇರೆ ಯಾರಾದ್ರೂ ಅಂದ್ರಲ್ಲ. ಅದು ಯಾರು ಅಂತ ನಂಗೆ ಗೊತ್ತು."

ಮೇಸ್ತ್ರಿ ರೂಮಿನ ಮಾತು ತೆಗೆದ. ಸಂಜೆಯೊಳಗೆ ಪಾತ್ರೆಪಗಡ ರಸ್ತೆಗೆ ಎಸೆಯುತ್ತೇನೆ ಅಂದ. ಎಸಿ ಅಂದಳು ಅವಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮೇಡಂ ಹತ್ತಿರ ಬಂದು, ಅಮ್ಮಾ ಇದು ಸರಿಯಲ್ಲ, ಮೇಲೆ ಸಭೆ ಶುರುವಾಗುತ್ತೆ, ನೀವು ಒಳಗೆ ಬನ್ನಿ ಅಂತ ಮೆಲ್ಲಗೆ ಕರೆದರು. ಬಾಗಿಲ ಬಳಿಯ ಕುರ್ಚಿ ಅವಳ ಕಣ್ಣಿಗೆ ಬಂತು.

"ನಾನು ಇಲ್ಲೇ ಕೂತ್ಕೋತೀನಿ ಮೇಡಂ. ಇಲ್ಲೂ ಗಾಳಿ ಬರುತ್ತೆ."

ಅತ್ತೆ ಇಷ್ಟು ಹೊತ್ತು ನಿಂತೇ ಇದ್ದಳು. ಈಗ ಕಪ್ಪು ನೀರಿನಲ್ಲಿ ಕಾಲೆಳೆಯುತ್ತಾ ಬಂದಳು. ಬೈಯಲು ಬಂದಳು ಅಂತಲೇ ಪಾತ್ರೆಯವಳು ತಿಳಿದಳು. ಅತ್ತೆ ಅವಳ ಭುಜ ಹಿಡಿದು, ಮಂಡಿ ಬಗ್ಗಿಸಿ, ಮುಚ್ಚಳದ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಕೂತಳು. ಗಿಣಿಯ ಕೈಯಲ್ಲಿದ್ದ ತುಂಬಿದ ಲೋಟವನ್ನೇ ನೋಡಿದಳು.

"ಅವರು ಅವತ್ತು ಕುಡಿದೇ ಇಳಿದಿದ್ರು" ಅಂದಳು.

ಯಾರು ಅಂತ ಗಿಣಿ ಕೇಳಿದಳು.

"ನಮ್ಮನೆಯವರು. ಬೇಡ, ಎದೆ ಉರೀತಿದೆ ಅಂದ್ರು. ನಾನೇ ಗದ್ದ ಹಿಡಿದು ಕುಡಿಸ್ದೆ. ಮೇಲೆ ಬಂದಾಗ ಬಾಯಿ ತುಂಬ ಅದೇ ವಾಸನೆ ಇತ್ತು. ಕುಡೀದೆ ಇಳಿದ, ಅವನದೇ ತಪ್ಪು ಅಂತ ಅವತ್ತಿನ ಮೇಸ್ತ್ರಿ ಬರೆಸ್ದ. ಹೌದು ಅನ್ನು, ರೂಮು ಉಳಿಯುತ್ತೆ ಅಂದ. ಹೌದು ಅಂದೆ. ಆಮೇಲೆ ನಿಮಗೆಲ್ಲ ಹೇಳ್ತಾ ಹೇಳ್ತಾ ನಂಗೇ ಅದು ನಿಜ ಆಗೋಯ್ತು."

ಈಗ ಮಾತಾಡಿದ್ದು ಗಿಣಿಯಲ್ಲ. ಮಾತಾಡಿದ್ದು ಅವಳ ಗಂಡ. ಅವನ ದನಿ ಹೇಗಿದೆ ಅಂತ ಅಲ್ಲಿದ್ದ ಹೆಚ್ಚಿನವರಿಗೆ ಅವತ್ತೇ ಗೊತ್ತಾದದ್ದು.

"ಹಾಗಾದ್ರೆ ಇಷ್ಟು ವರ್ಷ ಕುಡಿಸಿದ್ದು ಯಾಕೆ?"

ಅವನು ಕೇಳಿದ್ದು ಅತ್ತೆಯನ್ನಲ್ಲ. ಮೇಸ್ತ್ರಿಯ ಕಡೆ ನೋಡಿ ಕೇಳಿದ. ಮೇಸ್ತ್ರಿ ಫೋನು ತೆಗೆದು ಕಿವಿಗಿಟ್ಟುಕೊಂಡು, ಕಂಟ್ರಾಕ್ಟರಿಗೆ ಹೇಳ್ತೀನಿ, ಪೊಲೀಸರಿಗೆ ಹೇಳ್ತೀನಿ ಅನ್ನುತ್ತಾ ಗಲ್ಲಿಯ ತುದಿಗೆ ನಡೆದ. ಗಿಣಿಯ ಗಂಡ ಸೊಂಟದ ಹಗ್ಗದ ಗಂಟು ಬಿಚ್ಚಲು ಶುರು ಮಾಡಿದ. ನೀರು ಕುಡಿದು ಬಿಗಿದ ಗಂಟು, ಬಿಚ್ಚಲಿಲ್ಲ. ಕಡ್ಡಿ ಹೋಗಿ ಹಲ್ಲಿನಿಂದ ಕಚ್ಚಿ ಎಳೆದ. ಗಿಣಿ ಲೋಟವನ್ನು ಕಪ್ಪು ನೀರಿಗೆ ಬಗ್ಗಿಸಿ, ಬೋರಲು ಹಾಕಿ, ಮುಚ್ಚಳದ ಪಕ್ಕದಲ್ಲಿ ರಸ್ತೆಯ ಮೇಲೆ ಕೂತಳು. ಪಾತ್ರೆಯವಳು ಸೊಂಟದಲ್ಲಿದ್ದ ತಗ್ಗು ಬಿದ್ದ ಲೋಟವನ್ನು ತೆಗೆದು ಅದರ ಪಕ್ಕದಲ್ಲಿ ಬೋರಲು ಹಾಕಿದಳು.

ಮೇಲೆ ಸಭೆಯ ಕೋಣೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು. ಮೇಡಂ ಗೇಟಿನ ಒಳಗೂ ಹೋಗದೆ, ಹೊರಗೂ ಬರದೆ ಕಂಬಿ ಹಿಡಿದು ನಿಂತಿದ್ದರು.

ಆಗ ಪಾತ್ರೆಯವಳಿಗೆ ಏನೋ ಆಯಿತು. ಮೊದಲು ಗಂಟಲಲ್ಲಿ, ಆಮೇಲೆ ಮೂಗಿನಲ್ಲಿ. ಕೂತ ಕಬ್ಬಿಣದ ಸಂದಿಯಿಂದ ಬರುತ್ತಿತ್ತು. ಗಂಡನ ಬಟ್ಟೆಯದು, ಮನೆಯದು, ಮಾವನದು. ವಾಸನೆ. ಅವಳ ಕಣ್ಣಲ್ಲಿ ನೀರು ಬಂತು. ಮೂಗು ಮುಚ್ಚಿಕೋ ಅಂತ ಅತ್ತೆ ತನ್ನ ಸೆರಗು ಕೊಟ್ಟಳು. ಅವಳು ಮುಚ್ಚಿಕೊಳ್ಳಲಿಲ್ಲ. ಪಕ್ಕಕ್ಕೆ ಬಗ್ಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಅಲ್ಲೇ ಕೂತಳು.